ಕಡಲಿಲ್ಲದವರ ಮುಳುಗು

ನಾನು ಹೊನ್ನಾವರದವನು. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಈಜು ಕಲಿತೆ. ಐವತ್ತು ದಾಟಿದ ಮೇಲೆ ಒಂದು ಹುಚ್ಚು ಹತ್ತಿ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ನಡುಗಡ್ಡೆಗೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನೂ ಕಲಿತೆ. ಹಾಗಾಗಿ ಝೂರಿಕ್‌ನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳು ಫೋನಿನಲ್ಲಿ, "ಚಿಕ್ಕಪ್ಪ, ಬರುವಾಗ ನಿನ್ನ ಮಾಸ್ಕು, ಡೈವ್ ಕಂಪ್ಯೂಟರು ತಗೊಂಡು ಬಾ. ಇಲ್ಲೂ ಮುಳುಗೋಣ" ಅಂದಾಗ ನನಗೆ ಖುಷಿಯಾಯಿತು, ಅತ್ತಿಗೆಗೆ ನಗು ಬಂತು. "ಬಂಗಡೆ ತಿನ್ನೂಕೆ ದಿಲ್ಲಿಗೆ ಹೊರಟಂಗಾಯ್ತು" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸ್ವಿಟ್ಜರ್‌ಲೆಂಡಿನ ಸುತ್ತ ಐದು ದೇಶಗಳಿವೆ, ಒಂದು ಬೊಗಸೆ ಕಡಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಝೂರಿಕ್ ಸರೋವರದ ದಂಡೆಯಲ್ಲಿ ನಿಂತೆವು. ದಂಡೆಯೆಂದರೆ ಮರಳಲ್ಲ, ಮೀನುಬುಟ್ಟಿಯಲ್ಲ. ನೀಟಾಗಿ ಕತ್ತರಿಸಿದ ಹುಲ್ಲು, ಒಂದು ಬೆಂಚು, ನೀರಿಗಿಳಿಯಲು ನಾಲ್ಕು ಮೆಟ್ಟಿಲು. ಮಂಜಿನಲ್ಲಿ ಎದುರು ದಂಡೆ ಕಾಣುತ್ತಿರಲಿಲ್ಲ. ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬರು ನಮ್ಮನ್ನು ನೋಡಿ "ಗ್ರೂಯೆತ್ಸಿ" ಅಂದು ನಮಸ್ಕಾರ ಹೇಳಿ ಮುಂದೆ ಹೋದರು. ಅಡಿಯಿಂದ ಮುಡಿಯವರೆಗೆ ಕಪ್ಪು ಸೂಟು ತೊಟ್ಟು, ಬೆನ್ನಿಗೆ ಸಿಲಿಂಡರ್ ಹೊತ್ತು, ಬಾತುಕೋಳಿಯಂತೆ ಹೆಜ್ಜೆಯಿಡುವ ಇಬ್ಬರು ಅವರ ಕಣ್ಣಿಗೆ ಹಾಲು ತರಲು ಹೊರಟವರಷ್ಟೇ ಸಹಜವಾಗಿ ಕಂಡಿರಬೇಕು. ನಮ್ಮ ಕಡೆ ಇಷ್ಟು ಹೊತ್ತಿಗೆ ಮೂವತ್ತು ಜನ ಸೇರಿ "ಯಾರಾದ್ರೂ ಬಿದ್ದೋದ್ರಾ?" ಎಂದು ಕೇಳುತ್ತಿದ್ದರು.

ಸೂಟು ಅಂದೆನಲ್ಲ, ಅದರ ಫಜೀತಿ ಬೇರೆ. ನೇತ್ರಾಣಿಯಲ್ಲಿ ಬನಿಯನ್ನಿನ ಮೇಲೊಂದು ತೆಳು ಸೂಟು ಸಾಕು, ನೀರು ನಮ್ಮ ಸ್ನಾನದ ಮನೆಯಷ್ಟು ಬೆಚ್ಚಗೆ. ಇಲ್ಲಿಯದು ಡ್ರೈಸೂಟ್. ಒಳಗೆ ಉಣ್ಣೆಯ ಉಡುಪು, ಹೊರಗೆ ನೀರು ನುಗ್ಗದ ಚೀಲ. ಕುತ್ತಿಗೆಗೂ ಮಣಿಕಟ್ಟಿಗೂ ರಬ್ಬರಿನ ಪಟ್ಟಿ. ಕುತ್ತಿಗೆಯ ಪಟ್ಟಿಯಲ್ಲಿ ತಲೆ ತೂರಿಸುವಾಗ ಮತ್ತೊಮ್ಮೆ ಹುಟ್ಟಿದ ಹಾಗಾಯಿತು. ಒಳಗೆ ಅಷ್ಟು ಗಾಳಿಯಿರುವುದರಿಂದ ಮುಳುಗಲು ಸೊಂಟಕ್ಕೆ ಸೀಸ ಕಟ್ಟಬೇಕು. "ಸಿಹಿನೀರು ಉಪ್ಪುನೀರಿನಷ್ಟು ಎತ್ತಿ ಹಿಡಿಯೂದಿಲ್ಲ, ಸಮುದ್ರದಲ್ಲಾಗಿದ್ರೆ ಇನ್ನೂ ಎರಡು ಮೂರು ಕೆಜಿ ಹೊರಬೇಕಿತ್ತು" ಎಂದು ಅವಳು ಸಮಾಧಾನ ಹೇಳಿದಳು.

ತಲೆ ಮುಳುಗಿದ ಕೂಡಲೆ ಹಣೆಗೆ ಯಾರೋ ಐಸ್‌ಕ್ಯಾಂಡಿ ಒತ್ತಿದ ಹಾಗಾಯಿತು. ಮೊದಲ ಗಾಬರಿಯಲ್ಲಿ ತುಟಿ ಸಡಿಲಾಗಿ ಬಾಯಿಗೆ ಒಂದು ಗುಟುಕು ನೀರು ಬಂತು. ಉಗುಳಬೇಕು ಎಂದು ಗಂಟಲು ಬಿಗಿದುಕೊಂಡೆ, ಉಪ್ಪೇ ಇಲ್ಲ! ಇಷ್ಟು ವರ್ಷ ಮುಳುಗುವುದು ಎಂದರೆ ನಾಲಿಗೆಗೆ ಉಪ್ಪು ಎಂದೇ ಲೆಕ್ಕ. ಝೂರಿಕ್ ನಗರದ ನಲ್ಲಿಗಳಲ್ಲಿ ಬರುವ ನೀರಿನ ಸುಮಾರು ನೂರಕ್ಕೆ 70 ಪಾಲು ಇದೇ ಸರೋವರದ್ದಂತೆ. ಬೆಳಿಗ್ಗೆ ಅವಳ ಮನೆಯಲ್ಲಿ ಕಾಫಿಗಿಟ್ಟಿದ್ದ ನೀರಿನೊಳಗೇ ನಾನೀಗ ಇದ್ದೆ.

ಮೊದಲ ಹತ್ತು ಮೀಟರ್ ಹಸಿರು, ಎಳನೀರಿನೊಳಗೆ ಎಲೆ ಅರೆದು ಕದಡಿದಂಥ ಹಸಿರು. ಇಳಿಜಾರಿನ ಕೆಸರಿನಲ್ಲಿ ಒಂದು ಸೈಕಲ್ಲು ಹ್ಯಾಂಡಲ್ ಎತ್ತಿ ನಿಂತಿತ್ತು, ಅದರ ಕಡ್ಡಿಗಳ ನಡುವೆ ಎಗ್ಲಿ ಎಂದು ಇಲ್ಲಿಯವರು ಕರೆಯುವ ಪಟ್ಟೆಪಟ್ಟೆಯ ಮೀನುಗಳ ಗುಂಪು. ಹದಿನೈದು ಮೀಟರ್ ಸಮೀಪಿಸಿದಾಗ ನನ್ನ ಕಾಲಕೆಳಗೆ ನೀರು ನಡುಗತೊಡಗಿತು, ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ಗಾಳಿ ನಡುಗುವ ಹಾಗೆ. ನೋಡಿದರೆ ಅದು ನೀರಿನೊಳಗಿನ ಇನ್ನೊಂದು ನೀರಿನ ಹೊಸ್ತಿಲು. ಬೇಸಿಗೆಯೆಲ್ಲ ಬಿಸಿಲು ಕುಡಿದ ಮೇಲಿನ ನೀರು ಹಗುರಾಗಿ ತೇಲುತ್ತದೆ, ಕೆಳಗಿನ ತಣ್ಣೀರು ಭಾರವಾಗಿ ಕೂತಿರುತ್ತದೆ. ಎರಡೂ ಕೂಡುವ ಗೆರೆಯಲ್ಲಿ ಬೆಳಕು ವಾಲಾಡುತ್ತದೆ. ಕೈ ಚಾಚಿದೆ. ಮುಂಗೈ ಚಳಿಗಾಲದಲ್ಲಿತ್ತು, ಮೊಣಕೈ ಇನ್ನೂ ಶರದೃತುವಿನಲ್ಲಿ. ಗಡಿಯಾರದಂತೆ ಕೈಗೆ ಕಟ್ಟಿದ ಕಂಪ್ಯೂಟರಿನಲ್ಲಿ 15 ಡಿಗ್ರಿ ಇದ್ದದ್ದು ನೋಡನೋಡುತ್ತ 7ಕ್ಕೆ ಇಳಿಯಿತು.

ಅಲ್ಲಿಂದ ಕೆಳಗೆ ಕತ್ತಲು. ಇಪ್ಪತ್ತನಾಲ್ಕು ಮೀಟರಿನಲ್ಲಿ ಅವಳ ಟಾರ್ಚು ಒಂದು ಸಂದಿಯ ಮೇಲೆ ನಿಂತಿತು. ಒಳಗೆ ಟ್ರೂಷೆ ಎಂಬ ಮೀನು. ಹಾವಿನಂಥ ಮೈ, ಚೇಳುಮೀನಿನಂಥ ಚಪ್ಪಟೆ ತಲೆ, ಗದ್ದದ ನಡುವೆ ಒಂದೇ ಒಂದು ಮೀಸೆ. ಕಾಡ್ ಮೀನಿನ ಕುಲದಲ್ಲಿ ಕಡಲು ಬಿಟ್ಟು ಸಿಹಿನೀರಿಗೇ ಒಗ್ಗಿಹೋದದ್ದು ಇದೊಂದೇ ಎಂದು ಆಮೇಲೆ ಓದಿದೆ. ಆಗ ಮಾತ್ರ ಅದು ನನ್ನನ್ನು ನೋಡಿದ ರೀತಿ, ಮಧ್ಯಾಹ್ನದ ನಿದ್ದೆಯಲ್ಲಿ ಬಾಗಿಲು ಬಡಿಸಿಕೊಂಡ ಹಿರಿಯರ ಹಾಗಿತ್ತು. ನೇತ್ರಾಣಿಯಲ್ಲಿ ಬಣ್ಣಗಳ ಜಾತ್ರೆ, ಎತ್ತ ನೋಡಿದರೂ ಮೀನು. ಇಲ್ಲಿ ಅರ್ಧ ತಾಸಿಗೆ ಒಂದು ಮೀನು. ಆದರೆ ಆ ಒಂದನ್ನು ನಾನು ಎಷ್ಟು ಹೊತ್ತು ನೋಡಿದೆನೆಂದರೆ ಅದರ ಮೀಸೆ ಅಲುಗುವ ಲಯ ಈಗಲೂ ನೆನಪಿದೆ.

ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ನೇತ್ರಾಣಿಯಲ್ಲೂ ಹಾಗೇ ನಿಲ್ಲುತ್ತೇವೆ. ಕಂಪ್ಯೂಟರು ನಿಲ್ಲು ಅನ್ನುತ್ತದೆ, ನಿಲ್ಲುತ್ತೇವೆ. ಏಳು ಅನ್ನುತ್ತದೆ, ಏಳುತ್ತೇವೆ. ಆ ಪುಟ್ಟ ಡಬ್ಬಿಯೊಳಗೆ ಕೂತು ಯಾರು ಹೀಗೆ ಅಪ್ಪಣೆ ಕೊಡುತ್ತಿದ್ದಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುವಾಗ ಅವಳು ನನ್ನ ಮಣಿಕಟ್ಟನ್ನು ಎಳೆದು ತೋರಿಸಿ, "ಇದರ ಲೆಕ್ಕ ಹುಟ್ಟಿದ್ದು ಎಲ್ಲಿ ಗೊತ್ತುಂಟಾ? ಇದೇ ಊರಲ್ಲಿ" ಅಂದಳು.

ವಿಷಯ ಇಷ್ಟು. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಿಗಿಯಾಗಿ ಕೂತಿರುವಷ್ಟು ಹೊತ್ತು ಬಾಟಲಿಯೊಳಗೆ ಗುಳ್ಳೆಯೇ ಕಾಣದು. ಹೆಬ್ಬೆರಳಿನಿಂದ ಒತ್ತಿದ ಕೂಡಲೆ ಒತ್ತಡ ಇಳಿದು ಬುಸ್ಸೆಂದು ಉಕ್ಕುತ್ತದೆ. ನೀರಿನಾಳದಲ್ಲಿ ಒತ್ತಡದಡಿ ಉಸಿರಾಡಿದ ಗಾಳಿಯ ಸಾರಜನಕ ರಕ್ತಮಾಂಸದಲ್ಲಿ ಹೀಗೇ ಕರಗಿ ಕೂತಿರುತ್ತದೆ. ಸರ್ರನೆ ಮೇಲೆದ್ದರೆ ಮೈಯೇ ಸೋಡಾ ಬಾಟಲಿ; ಗುಳ್ಳೆ ಕೀಲಿಗೆ ಹೋದರೆ ನೋವು, ಬೆನ್ನುಹುರಿಗೆ ಹೋದರೆ ಲಕ್ವ. ಎಷ್ಟು ಹೊತ್ತು ಎಷ್ಟು ಆಳದಲ್ಲಿದ್ದರೆ ಎಷ್ಟು ನಿಧಾನ ಏಳಬೇಕು ಎಂಬುದನ್ನು 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಬ್ರಿಟನ್ನಿನ ನೌಕಾಪಡೆಗಾಗಿ ಆಡುಗಳ ಮೇಲೆ ಪ್ರಯೋಗ ಮಾಡಿ ಲೆಕ್ಕ ಹಾಕಿದ್ದ. ಅದು ಕಡಲಿನವರ ಲೆಕ್ಕ. ಕಡಲಿನವನು ಎದ್ದರೆ ಕಡಲಮಟ್ಟಕ್ಕೇ ಏಳುತ್ತಾನೆ.

ಬೆಟ್ಟದವನು ಹಾಗಲ್ಲ. ಝೂರಿಕ್ ಸರೋವರದ ಮೇಲ್ಮೈಯೇ ಕಡಲಿಗಿಂತ 406 ಮೀಟರ್ ಎತ್ತರದಲ್ಲಿದೆ. ಡೈವಿಂಗ್ ಕಲಿಸುವವರ ನಿಯಮದಲ್ಲಿ 300 ಮೀಟರ್ ದಾಟಿದ ನೀರೆಲ್ಲ 'ಎತ್ತರದ ನೀರು'. ಮೇಲೆ ಗಾಳಿ ತೆಳು, ಅಂದರೆ ಗೋಲಿ ಇನ್ನಷ್ಟು ಸಡಿಲ. ಅದೇ ಆಳದಿಂದ ಎದ್ದರೂ ಗುಳ್ಳೆ ಹೆಚ್ಚು. ಸಾಲದ್ದಕ್ಕೆ ಸರೋವರದಿಂದೆದ್ದು ಕಾರು ಹತ್ತಿ ಘಟ್ಟ ದಾಟಿ ಮನೆಗೆ ಹೊರಟರೆ, ಒಣನೆಲದ ಮೇಲೇ ಅವನು ಇನ್ನೂ ನೀರಿನಿಂದ ಏಳುತ್ತಲೇ ಇರುತ್ತಾನೆ. ಈ ತೊಡಕು ಕಡಲ ದೇಶದವರ ತಲೆಗೆ ಹೊಳೆಯುವಂಥದ್ದಲ್ಲ. ಝೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎದೆ ಮತ್ತು ಉಸಿರಾಟದ ವೈದ್ಯರಾಗಿದ್ದ ಆಲ್ಬರ್ಟ್ ಬ್ಯೂಲ್‌ಮನ್ 1959ರ ಹೊತ್ತಿಗೆ ಇದನ್ನು ಕೈಗೆತ್ತಿಕೊಂಡರು. ದೇಹವನ್ನು ಹದಿನಾರು ಬಗೆಯ ಪಾತ್ರೆಗಳೆಂದು ಎಣಿಸಿ, ಬೇಗ ತುಂಬಿ ಬೇಗ ಖಾಲಿಯಾಗುವವು ಯಾವುವು, ನಿಧಾನದವು ಯಾವುವು, ಯಾವ ಎತ್ತರದಲ್ಲಿ ಯಾವುದು ಎಷ್ಟು ತಾಳುತ್ತದೆ ಎಂದು ಸೂತ್ರ ಕಟ್ಟಿದರು. ಅದರ ಹೆಸರು ಝೆಡ್‌ಎಚ್-ಎಲ್16. ಝೆಡ್‌ಎಚ್ ಎಂದರೆ ಝೂರಿಕ್, 16 ಎಂದರೆ ಆ ಹದಿನಾರು ಪಾತ್ರೆಗಳು. 1983ರಲ್ಲಿ ಪುಸ್ತಕ ಬರೆದು ಲೆಕ್ಕವನ್ನೆಲ್ಲ ಬಿಚ್ಚಿಟ್ಟರು, ಮುಚ್ಚಿಟ್ಟುಕೊಳ್ಳಲಿಲ್ಲ. ಹಾಗಾಗಿಯೇ ಡೈವ್ ಕಂಪ್ಯೂಟರ್ ಮಾಡುವವರು ಅನೇಕರು ಅದನ್ನೇ ಎತ್ತಿಕೊಂಡರು. ನನ್ನದೂ ಅದೇ ಜಾತಿ. ನೇತ್ರಾಣಿಯ ಬಂಡೆಯ ಪಕ್ಕ, ಸುತ್ತ ಅರಬ್ಬಿ ಸಮುದ್ರವಿರುವಾಗ, "ನಿಲ್ಲು, ಈಗ ಏಳಬೇಡ" ಎಂದು ಇಷ್ಟು ದಿನ ನನ್ನ ಕೈ ಹಿಡಿದವರು ಕಡಲಿಲ್ಲದ ಊರಿನ ಒಬ್ಬ ಡಾಕ್ಟರು.

ಬ್ಯೂಲ್‌ಮನ್ ಅವರನ್ನು ಈ ಕೆಲಸಕ್ಕೆ ಎಳೆದವನು ವಿಂಟರ್‌ಟೂರ್ ಎಂಬ ಊರಿನ ಹಾನೆಸ್ ಕೆಲ್ಲರ್. ಗಣಿತ ಓದಿದ ತರುಣ, ಉಸಿರಾಡುವ ಅನಿಲಗಳ ಮಿಶ್ರಣವನ್ನು ಬದಲಿಸುತ್ತ ಹೋದರೆ ಎಷ್ಟು ಆಳಕ್ಕಾದರೂ ಇಳಿಯಬಹುದೆಂಬ ಛಲ. 1961ರಲ್ಲಿ ಮಜ್ಜೋರೆ ಸರೋವರದಲ್ಲಿ 222 ಮೀಟರ್ ಇಳಿದು ಜೀವಂತ ಎದ್ದ. ಮರುವರ್ಷ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಕಡಲಿನಲ್ಲಿ ಸಾವಿರ ಅಡಿ ಮುಟ್ಟಿದ. ಆದರೆ ಜೊತೆಗಿಳಿದ ಬ್ರಿಟಿಷ್ ಪತ್ರಕರ್ತ ಪೀಟರ್ ಸ್ಮಾಲ್ ಮತ್ತು ಅವರ ನೆರವಿಗೆ ಹೋದ ತರುಣ ಮುಳುಗುಗಾರ ಇಬ್ಬರೂ ಬದುಕಿ ಬರಲಿಲ್ಲ. ಇದನ್ನು ಹೇಳುವಾಗ ಅವಳ ದನಿ ತಗ್ಗಿತು. ಚಹಾ ಆರಿತ್ತು.

ಅಷ್ಟು ಹೊತ್ತಿಗೆ ಮಂಜು ಸರಿದು ಎದುರು ದಂಡೆ ಕಂಡಿತು. ಅಲ್ಲಿರುವುದು ಮೈಲೆನ್. 1853-54ರ ಚಳಿಗಾಲದಲ್ಲಿ ಸರೋವರ ಅಪರೂಪಕ್ಕೆ ತೀರ ಇಳಿದಾಗ ಆ ದಂಡೆಯ ಕೆಸರಿನಲ್ಲಿ ಮರದ ಗೂಟಗಳ ಸಾಲು ಎದ್ದು ಕಂಡಿತಂತೆ. ಸಾವಿರಾರು ವರ್ಷ ಹಿಂದೆ ನೀರಂಚಿನಲ್ಲಿ ಕಂಬದ ಮೇಲೆ ಮನೆ ಕಟ್ಟಿದ್ದವರ ಗೂಟಗಳು. ಕೆಸರಿನೊಳಗೆ ಗಾಳಿಯಾಡದೆ ಕೊಳೆಯದೆ ಉಳಿದಿದ್ದವು. ಸುದ್ದಿ ಹಬ್ಬಿ ಸ್ವಿಸ್ ಸರೋವರಗಳಲ್ಲೆಲ್ಲ ಗೂಟ ಹುಡುಕುವ ಭರಾಟೆ ಎದ್ದಿತು. ಅದೇ 1854ರಲ್ಲಿ ಜಿನೀವಾ ಸರೋವರದ ಮೋರ್ಜ್ ಎಂಬಲ್ಲಿ ಮೊರ್ಲೋ ಎಂಬ ಭೂವಿಜ್ಞಾನಿ ತಲೆಗೊಂದು ಬಕೆಟ್ಟು ಬೋರಲು ಹಾಕಿಕೊಂಡು, ದೋಣಿಯಿಂದ ಗೆಳೆಯರು ಕೊಳವೆಯಲ್ಲಿ ಗಾಳಿ ಒತ್ತುತ್ತಿರಲು, ಆ ಗೂಟಗಳ ನಡುವೆ ನಡೆದಾಡಿ ಬಂದ. ನೀರಿನಡಿಯ ಪುರಾತತ್ವ ಶುರುವಾದದ್ದು ಇಲ್ಲಿಂದಲೇ ಎಂದು ಹೇಳುವವರಿದ್ದಾರೆ. ಆಲ್ಪ್ಸ್ ಸುತ್ತಿನ ಈ ಗೂಟದ ಊರುಗಳಲ್ಲಿ 111 ತಾಣಗಳು 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು, ಅರ್ಧದಷ್ಟು ಸ್ವಿಟ್ಜರ್‌ಲೆಂಡಿನವೇ. ನನಗೆ ಮಾತ್ರ ಆ ಬಕೆಟ್ಟೇ ಕಣ್ಣಿಗೆ ಕಟ್ಟಿತು. ಮನೆಯಲ್ಲಿ ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿಯಲ್ಲಿ ಎತ್ತುತ್ತಿದ್ದ ನಮಗೆ ಈ ಉಪಾಯ ಹೊಳೆದಿರಲಿಲ್ಲವಲ್ಲ!

ಲೋಕದ ಅತ್ಯಂತ ಆಳದ ಕಡಲತಳಕ್ಕೆ ಮೊದಲು ಇಳಿದ ಇಬ್ಬರಲ್ಲಿ ಒಬ್ಬನಾದ ಝಾಕ್ ಪಿಕಾರ್ ಕೂಡ ಸ್ವಿಸ್ ಪ್ರಜೆಯೇ. ಅದು 1960ರ ಜನವರಿ. ನಾಲ್ಕು ವರ್ಷದ ಮೇಲೆ ಅದೇ ಪಿಕಾರ್ ಲೋಸಾನ್ ನಗರದ ವಸ್ತುಪ್ರದರ್ಶನಕ್ಕೆಂದು ಪ್ರವಾಸಿಗರನ್ನು ಕೂರಿಸಿಕೊಂಡು ಜಿನೀವಾ ಸರೋವರದೊಳಗೆ ಇಳಿಯುವ ಜಲಾಂತರ್ಗಾಮಿ ಕಟ್ಟಿದ. ಅದೀಗ ಲೂಸೆರ್ನ್‌ನ ಸಾರಿಗೆ ಮ್ಯೂಸಿಯಮ್ಮಿನ ಅಂಗಳದಲ್ಲಿ, ದಡಕ್ಕೆ ಬಿದ್ದ ತಿಮಿಂಗಿಲದಂತೆ ಕೂತಿದೆ.

ಮಂಜುಗಡ್ಡೆಯ ಕೆಳಗೂ ಮುಳುಗುತ್ತಾರೆ. 1848 ಮೀಟರ್ ಎತ್ತರದ ಲ್ಯೋಸೋನ್ ಎಂಬ ಸರೋವರ ಅದಕ್ಕೆ ಹೆಸರಾದದ್ದು. ಹಿಂದಿನ ಚಳಿಗಾಲ ಅವಳು ಹೋಗಿದ್ದಳಂತೆ. ಹೆಪ್ಪುಗಟ್ಟಿದ ಮೇಲ್ಮೈಯಲ್ಲಿ ತೂತು ಕೊರೆದು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗುವುದರಿಂದ ತಳದಲ್ಲಿ ಅಷ್ಟು 'ಬೆಚ್ಚಗಿನ' ನೀರು ಉಳಿದಿರುತ್ತದೆ, ಮೀನು ಬದುಕಿರುತ್ತವೆ. ಅವಳು ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿ ಉಸಿರಿನ ಗುಳ್ಳೆಗಳು ಮಂಜುಗಡ್ಡೆಯ ತಳಕ್ಕೆ ಅಂಟಿ, ಚೆಲ್ಲಿದ ಪಾದರಸದಂತೆ ಹರಿದಾಡುತ್ತಿದ್ದವು. ಕೈಯ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಪುಟಾಣಿ ಬೆಟ್ಟದ ಗುರುತು. "ಬರ್ತಿಯಾ ಫೆಬ್ರವರಿಗೆ?" ಅಂದಳು. ಕೇಳಿಸದವನಂತೆ ಸುಮ್ಮನಾದೆ.

ಮರುವಾರ ತೆಂಕಣ ಇಳಿಜಾರಿಗೆ, ಇಟಲಿ ಭಾಷೆಯ ಟಿಚೀನೊ ಪ್ರಾಂತ್ಯಕ್ಕೆ ಹೋದೆವು. ಅಲ್ಲಿ ಮಜ್ಜೋರೆ ಸರೋವರವಿದೆ, ಇಟಲಿಯೊಂದಿಗೆ ಹಂಚಿಕೊಂಡದ್ದು. ಅದರ ಮೇಲ್ಮೈ ಕಡಲಮಟ್ಟದಿಂದ 193 ಮೀಟರ್ ಎತ್ತರ, ಅತಿ ಹೆಚ್ಚಿನ ಆಳ ಸುಮಾರು 370 ಮೀಟರ್. ಕಳೆದು ನೋಡಿ. ಹಿಮನದಿಗಳು ಬೆಟ್ಟದ ಬುಡವನ್ನು ಅದೆಷ್ಟು ಅಗೆದಿವೆಯೆಂದರೆ ಸರೋವರದ ತಳ ನಮ್ಮ ಹೊನ್ನಾವರದ ಅಲೆಗಿಂತ ಎಷ್ಟೋ ಕೆಳಗಿದೆ!

ಆದರೆ ನಾವು ಹೋದದ್ದು ಅದಕ್ಕೆ ಬಂದು ಬೀಳುವ ವೆರ್ಝಾಸ್ಕಾ ನದಿಗೆ. ಬೆಲ್ಲಿಂಝೋನಾದಲ್ಲಿರುವ ಅವಳ ಗೆಳತಿ ಕಾರಿನಲ್ಲಿ ಸಿಲಿಂಡರುಗಳನ್ನು ಹೇರಿಕೊಂಡು ಬಂದಿದ್ದಳು. ಕಣಿವೆಯ ಬಾಯಲ್ಲಿ 220 ಮೀಟರಿನ ಅಣೆಕಟ್ಟು, ಜೇಮ್ಸ್ ಬಾಂಡ್ ಚಿತ್ರವೊಂದರ ಮೊದಲ ದೃಶ್ಯದಲ್ಲಿ ಮೇಲಿನಿಂದ ಹಾರುತ್ತಾರಲ್ಲ, ಅದೇ. ಅದನ್ನು ದಾಟಿ ಮೇಲೆ ಹೋದರೆ ಲವೆರ್ತೆಝ್ಝೊ ಎಂಬ ಹಳ್ಳಿ: ಕಲ್ಲಿನ ಗೋಡೆ, ಕಲ್ಲಿನದೇ ಹೆಂಚು, ನದಿಗೆ ಅಡ್ಡವಾಗಿ ಎರಡು ಕಮಾನಿನ ಕಲ್ಲುಸೇತುವೆ. ರೋಮನ್ನರದ್ದು ಎಂಬ ಮಾತಿದೆ, ನಿಜವಾಗಿ 17ನೇ ಶತಮಾನದ್ದು. 1951ರ ನೆರೆಯಲ್ಲಿ ಒಂದು ಪಾಲು ಕೊಚ್ಚಿಹೋಗಿ ಮತ್ತೆ ಕಟ್ಟಿದ್ದು.

ದಡದಲ್ಲಿ ನಾಲ್ಕಾರು ಭಾಷೆಯಲ್ಲಿ ಎಚ್ಚರಿಕೆಯ ಫಲಕ. ಈ ಹೊಳೆ ಬೇಸಿಗೆಯಲ್ಲಿ ಜಿಗಿಯಲು ಬರುವವರ ಜೀವ ತೆಗೆದುಕೊಂಡದ್ದುಂಟು. ನೋಡಲು ಕನ್ನಡಿ, ಒಳಗೆ ಸೆಳವು. ಗೆಳತಿ ನೀರನ್ನು ನೋಡುವ ಮೊದಲು ತಲೆಯೆತ್ತಿ ಕಣಿವೆಯ ಮೇಲ್ತುದಿಯ ಆಕಾಶವನ್ನು ನೋಡಿದಳು. ಅಲ್ಲಿ ಮೋಡವಿದ್ದರೆ ಇಲ್ಲಿ ಇಳಿಯುವಂತಿಲ್ಲ. ಮೋಡವಿರಲಿಲ್ಲ. ಅಕ್ಟೋಬರಿನ ಹೊಳೆ ತೆಳ್ಳಗಾಗಿತ್ತು. ಜಾರುಬಂಡೆಗಳ ಮೇಲೆ ಸಿಲಿಂಡರ್ ಹೊತ್ತು ಇಳಿಯುವುದೇ ಮುಳುಗುವುದಕ್ಕಿಂತ ದೊಡ್ಡ ಸಾಹಸ. ಎರಡು ಕಡೆ ನಾನು ಕೂತುಕೊಂಡೇ ಸರಿದೆ.

ಮಡುವಿನೊಳಗೆ ತಲೆಯಿಟ್ಟೆ. ನೀರು ಕಾಣಲಿಲ್ಲ.

ಇದನ್ನು ಹೇಗೆ ಹೇಳುವುದೋ ತಿಳಿಯದು. ನೀರಿರುವುದು ಚಳಿಯಿಂದ ಗೊತ್ತಾಗುತ್ತಿತ್ತು, ಕಣ್ಣಿಗೆ ಮಾತ್ರ ಅದಿಲ್ಲ. ಎಂಟು ಮೀಟರ್ ಕೆಳಗಿನ ಮರಳಿನಲ್ಲಿ ಅಭ್ರಕದ ಚೂರುಗಳು ಮಿನುಗುವುದು ಮೇಲಿನಿಂದಲೇ ಕಂಡಿತು. ನಾನು ತೇಲುತ್ತಿಲ್ಲ, ಗಾಳಿಯಲ್ಲಿ ತೂಗುತ್ತಿದ್ದೇನೆ ಅನ್ನಿಸಿ ಒಂದು ಕ್ಷಣ ಬೀಳುವ ಭಯವಾಯಿತು. ದೂರಕ್ಕೆ ನೋಡಿದರೆ ಮಾತ್ರ ಎಲ್ಲಿಂದಲೋ ಒಂದು ಹಸಿರು, ಹಳೆಯ ಸೋಡಾ ಬಾಟಲಿಯ ಗಾಜಿನ ಹಸಿರು. ಸುತ್ತ ನೈಸ್ ಶಿಲೆಯ ಗೋಡೆಗಳು. ಬಿಳಿ, ಬೂದು, ಕಪ್ಪು ಪಟ್ಟೆಗಳು ಬಾಳೆದಿಂಡು ಸೀಳಿದಂತೆ ಸಮನಾಗಿ ಓಡುತ್ತ, ಒಂದು ಕಡೆ ತಿರುಚಿ, ಮತ್ತೆ ನೇರವಾಗುತ್ತವೆ. ಹೊಳೆ ಅದನ್ನು ಉಜ್ಜಿ ಉಜ್ಜಿ ಒರಳಿನ ಗುಂಡಿಯಂತೆ ಕಡೆದಿದೆ. ಕೈಯಿಟ್ಟರೆ ನಮ್ಮನೆ ರುಬ್ಬುಗುಂಡಿನಷ್ಟು ನುಣುಪು.

ಬಿಸಿಲು ಕಮಾನಿನ ಸಂದಿಯಿಂದ ಇಳಿದು ಮಡುವಿನ ತಳದಲ್ಲಿ ಬಲೆ ಹಾಸಿತ್ತು. ಕಂದು ಚುಕ್ಕೆಯ ಒಂದು ಟ್ರೌಟ್ ಮೀನು ಸೆಳವಿಗೆ ಮುಖ ಕೊಟ್ಟು ಅಲುಗದೆ ನಿಂತಿತ್ತು. ಬೆನ್ನು ಮೇಲಾಗಿದ್ದವನು ಮಗುಚಿಕೊಂಡೆ. ಮೇಲೆ ನೀರಿನ ಚರ್ಮದ ಮೇಲೆ ಹಳದಿ ಎಲೆಗಳು ಒಂದೊಂದೇ ಬಂದು ಕೂತು, ತಮ್ಮ ನೆರಳನ್ನು ನನ್ನ ಮೇಲೆ ಎಳೆಯುತ್ತ ಹೋಗುತ್ತಿದ್ದವು. ಅದರಾಚೆ ನಡುಗುವ ಸೇತುವೆ, ಸೇತುವೆಯ ಮೇಲೆ ಬಗ್ಗಿ ನೋಡುವ ಒಂದು ಮಗುವಿನ ಕೆಂಪು ಟೋಪಿ. ನನ್ನ ಗುಳ್ಳೆಗಳು ಏರಿ ಎಲೆಗಳನ್ನು ಸರಿಸಿದವು, ಮಗು ಕೈ ಬೀಸಿತು. ತಳದಲ್ಲಿ ಮುಳ್ಳುಮುಳ್ಳಿನ ಉಂಡೆಗಳು ಉರುಳುತ್ತಿದ್ದವು. ಹಲಸಿನ ಮಿಡಿ ಇಲ್ಲಿಗೆ ಹೇಗೆ ಬಂತು ಎಂದು ಎತ್ತಿಕೊಂಡರೆ ಚೆಸ್ಟ್‌ನಟ್ ಕಾಯಿ. ದಡದ ತೋಪಿನದು. ಮುಳ್ಳು ಕೈಗವಸನ್ನು ದಾಟಿ ಚುಚ್ಚಿತು.

ಆ ಮರುಳಿನಲ್ಲೇ ನಾನು ಮಡುವಿನ ಅಂಚಿಗೆ ಸರಿದಿದ್ದೆ. ಎರಡು ಬಂಡೆಗಳ ನಡುವೆ ನೀರು ಬಿಗಿಯಾಗುವ ಜಾಗ. ಒಮ್ಮೆಗೇ ಯಾರೋ ಸೊಂಟಕ್ಕೆ ಕೈಹಾಕಿ ಎಳೆದ ಹಾಗೆ ಮೈ ತಿರುಗಿತು. ಕಲ್ಲು ಹಿಡಿದೆ, ಕೈ ಜಾರಿತು. ಇನ್ನೊಂದು ಹಿಡಿದೆ, ಅದೂ ಅಷ್ಟೇ ನುಣುಪು. ಅಳಿವೆಯಲ್ಲಿ ಈಜು ಕಲಿತವನೆಂಬ ಜಂಬ ಅಲ್ಲೇ ಇಳಿಯಿತು. ಅಷ್ಟರಲ್ಲಿ ಹಿಂದಿನಿಂದ ಸಿಲಿಂಡರಿನ ಕತ್ತು ಹಿಡಿದು, ಬೆಕ್ಕು ಮರಿಯನ್ನು ಎತ್ತುವ ಹಾಗೆ, ಅಣ್ಣನ ಮಗಳು ನನ್ನನ್ನು ಬದಿಗೆ ಎಳೆದಳು. ಮೇಲೆ ಬಂದ ಮೇಲೆ ಬೈಯುತ್ತಾಳೆಂದುಕೊಂಡೆ. ಮಾಸ್ಕು ತೆಗೆದು, "ಅಪ್ಪನಿಗೆ ಹೇಳೂದಿಲ್ಲ, ಆದ್ರೆ ಫೆಬ್ರವರಿಗೆ ಬರಬೇಕು" ಅಂದಳು.

ಸಂಜೆ ಹಿಂತಿರುಗುವಾಗ ನಾನು ಗೊಟ್‌ಹಾರ್ಡ್ ಘಟ್ಟದ ಹಳೆಯ ಹಾದಿಯಲ್ಲಿ, ಬಸ್ಸಿನಲ್ಲಿ ಹೋಗೋಣವೆಂದೆ. ಅದನ್ನು ನೋಡುವ ಆಸೆ ಮೊದಲಿನಿಂದ ಇತ್ತು. "2100 ಮೀಟರ್! ಹೊಳೆಯಿಂದೆದ್ದು ಮೂರು ತಾಸಾಗಲಿಲ್ಲ. ಮೈಯೆಲ್ಲ ಸೋಡಾ ಇಟ್ಕೊಂಡು ಘಟ್ಟ ಹತ್ತುತ್ತೀಯಾ?" ಎಂದು ಕೈಹಿಡಿದು ರೈಲಿಗೆ ಹತ್ತಿಸಿದಳು. 2016ರಲ್ಲಿ ತೆರೆದ ಗೊಟ್‌ಹಾರ್ಡ್ ತಳಸುರಂಗ 57 ಕಿಲೋಮೀಟರ್ ಉದ್ದ. ಆಲ್ಪ್ಸನ್ನು ಹತ್ತದೆ ಅದರ ಬುಡದಲ್ಲೇ ತೂರಿ ಹೋಗುತ್ತದೆ. ಅದರೊಳಗೆ ಅತಿ ಎತ್ತರದ ಜಾಗವೂ ಕಡಲಿನಿಂದ 549 ಮೀಟರ್ ಅಷ್ಟೇ, ಹೆಚ್ಚುಕಡಿಮೆ ಲವೆರ್ತೆಝ್ಝೊದಷ್ಟೇ. ಮುಳುಗಿದವರು ಮನೆಗೆ ಹೋಗಲಿ ಎಂದೇ ಕೊರೆದ ಹಾಗಿದೆ.

ಬೊದಿಯೊ ಎಂಬ ಊರು ದಾಟಿದ್ದೇ ಕಿಟಕಿ ಕಪ್ಪಾಯಿತು. ತಲೆಯ ಮೇಲೆ ಕೆಲವೆಡೆ 2300 ಮೀಟರ್ ಬಂಡೆ. ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನನ್ನ ಕೈಯಲ್ಲಿ ಬ್ಯೂಲ್‌ಮನ್ ಸಾಹೇಬರು ಇನ್ನೂ ಎಣಿಸುತ್ತಲೇ ಇದ್ದರು: ವಿಮಾನ ಹತ್ತಬೇಡ, ಇನ್ನೂ ಹದಿನಾಲ್ಕು ತಾಸು. ಕಾಲಬುಡದ ಚೀಲದಲ್ಲಿದ್ದ ಒದ್ದೆ ಸೂಟಿನಿಂದ ನೀರು ಒಸರಿ, ರೈಲು ಓಲಾಡಿದ ಕಡೆಗೆಲ್ಲ ಓಲಾಡುತ್ತ, ಎರಡು ಸೀಟುಗಳ ನಡುವಿನ ಹಾದಿಯಲ್ಲಿ ಸಣ್ಣ ಹೊಳೆಯಾಗಿತ್ತು. ಮಜ್ಜೋರೆಗೆ ಇಳಿದು, ಪೋ ನದಿ ಸೇರಿ, ಆಡ್ರಿಯಾಟಿಕ್ ಕಡಲಿಗೆ ಹೋಗಬೇಕಾಗಿದ್ದ ವೆರ್ಝಾಸ್ಕಾದ ಒಂದು ಲೋಟ ನೀರು ಬೆಟ್ಟದಡಿಯಲ್ಲಿ ಬಡಗಣ ದಿಕ್ಕಿಗೆ ಹೊರಟಿತ್ತು. ಟಿಕೆಟ್ ನೋಡಲು ಬಂದವನು ಅದರ ಮುಂದೆ ನಿಂತ. ಚೀಲ ನೋಡಿದ, ನನ್ನ ಕೈಯ ಕಂಪ್ಯೂಟರು ನೋಡಿದ. ಬೈಗುಳಕ್ಕೆ ತಯಾರಾಗಿ ಕೂತೆ. ಅವನು ಬಗ್ಗಿ, ಅವಳಿಗೆ ಎಚ್ಚರವಾಗದಂತೆ ಮೆಲ್ಲಗೆ, "ಎಷ್ಟು ಡಿಗ್ರಿ ಇತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹನ್ನೊಂದು" ಅಂದೆ.

"ಬೆಚ್ಚಗಿದೆ" ಎಂದು ನೀರನ್ನು ದಾಟಿಕೊಂಡು ಮುಂದಿನ ಸೀಟಿಗೆ ಹೋದ.